ಬಿಸಿಗಾಳಿಗೆ ಇಟ್ಟ ಲ್ಯಾಪ್‌ಟಾಪ್

ಚಪ್ಪಲಿ ಕಳಚುವಾಗಲೂ ಷರೀಫ್ ಚೀಲವನ್ನು ನೆಲಕ್ಕೆ ತಾಗಿಸಲಿಲ್ಲ. ಶಿಡ್ಲಘಟ್ಟದಿಂದ ಗೌರಿಬಿದನೂರಿನವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸದೆ ಬಂದಿದ್ದ. ಬಾಗಿಲು ತೆರೆದ ಶೋಭಾರಾಣಿ ಅವನ ಮುಖಕ್ಕಿಂತ ಮೊದಲು ಚೀಲವನ್ನು ನೋಡಿದಳು.

"ತಂದ್ರಾ ಅಣ್ಣ? ಬೆಳಗ್ಗಿಂದ ಅದನ್ನೇ ಕೇಳ್ತಾವ್ರೆ" ಎಂದು ದನಿ ತಗ್ಗಿಸಿ ಹೇಳಿ, ಪಕ್ಕಕ್ಕೆ ಸರಿದಳು.

ಒಳಕೋಣೆಯಲ್ಲಿ ಅವಳ ಗಂಡ ಮೋಹನ್‌ಬಾಬು ಮೇಜಿನ ಮುಂದೆ ಕುಳಿತಿದ್ದ. ಕಿಟಕಿಗೆ ದಪ್ಪ ಹೊದಿಕೆಯೊಂದನ್ನು ಅಡ್ಡ ಕಟ್ಟಲಾಗಿತ್ತು. ಮಧ್ಯಾಹ್ನದ ಹೊತ್ತಿನಲ್ಲೂ ಕೋಣೆ ಗವಿಯಂತಿತ್ತು. ಷರೀಫ್ ಆ ಹೊದಿಕೆಯನ್ನೇ ನೋಡುತ್ತ ನಿಂತ. ಬಂದ ಕೂಡಲೇ ನಿಜ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವನು, "ಹೆಂಗಿದ್ದೀಯ ಬಾಬಣ್ಣ?" ಎಂದಷ್ಟೇ ಕೇಳಿದ.

ಸಕ್ಕರೆ ಕಾಯಿಲೆ ಮೋಹನ್‌ಬಾಬುವಿನ ಬಲಗಣ್ಣನ್ನು ಪೂರ್ತಿಯಾಗಿ ತಿಂದುಹಾಕಿತ್ತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಎಡಗಣ್ಣಿನಲ್ಲಿ ಬೆಳಕು ನೆರಳಿನ ಭೇದವೊಂದು ಉಳಿದಿತ್ತು. ಅದೂ ಎಷ್ಟು ದಿನವೆಂದು ವೈದ್ಯರು ಹೇಳಿರಲಿಲ್ಲ. ಊರಿಗೆ ಬಂದೊಡನೆ ಅವನು ಷರೀಫನಿಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: ಕತ್ತಲಲ್ಲಿ ಬೆಳ್ಳಗೆ ಹೊಳೆಯುವುದು ಇನ್ನೂ ಕಾಣಬಹುದು, ಕರಿ ಪೆಟ್ಟಿಗೆಯನ್ನು ಬೇಗ ತಂದುಬಿಡು.

ಕರಿ ಪೆಟ್ಟಿಗೆಯೆಂದರೆ ಅವರಿಬ್ಬರ ಹಳೆಯ ಲ್ಯಾಪ್‌ಟಾಪ್. ಮೋಹನ್‌ಬಾಬು ಶಿಡ್ಲಘಟ್ಟದ ರೇಷ್ಮೆ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ತಪಾಸಣೆಯ ನೆಪದಲ್ಲಿ ಷರೀಫನ ನೂಲು ಬಿಚ್ಚುವ ಶೆಡ್ಡಿಗೆ ಬಂದಿದ್ದ. ಅಲ್ಲಿನ ಅಟ್ಟಣೆಯ ಮೇಲೆ, ಗುಜರಿಯಿಂದ ತಂದಿಟ್ಟಿದ್ದ ಲ್ಯಾಪ್‌ಟಾಪೊಂದನ್ನು ಕಂಡು ತಪಾಸಣೆಯನ್ನೇ ಮರೆತು ಕುಳಿತಿದ್ದ. ಅಂದಿನಿಂದ ಇಬ್ಬರಿಗೂ ಒಂದೇ ಹುಚ್ಚು. ಜನ ತೂಕಕ್ಕೆ ಹಾಕುವ ದಪ್ಪನೆಯ ಯಂತ್ರಗಳನ್ನು ತರುವುದು, ಬಿಚ್ಚುವುದು, ಒಂದರ ಕೀಲನ್ನು ಇನ್ನೊಂದಕ್ಕೆ ಕೂರಿಸುವುದು. ಹೊಸ ಲ್ಯಾಪ್‌ಟಾಪ್ ಬಾಡಿಗೆ ಮನೆಯಂತೆ, ಒಂದು ಮೊಳೆ ಹೊಡೆಯುವ ಹಕ್ಕೂ ನಮಗಿಲ್ಲ ಎನ್ನುತ್ತಿದ್ದ ಮೋಹನ್‌ಬಾಬು.

ಅವುಗಳಲ್ಲೆಲ್ಲ ಈ ಕರಿಯದು ಅವನ ಪ್ರಾಣ. ಗುಂಡಿ ಒತ್ತಿದರೆ ಅದು ಮೊದಲು ತನ್ನ ನೆನಪಿನ ಅಳತೆಯನ್ನು ತಾನೇ ಎಣಿಸಿಕೊಳ್ಳುತ್ತಿತ್ತು. ಕಪ್ಪು ಪರದೆಯ ಮೂಲೆಯಲ್ಲಿ ಬಿಳಿಯ ಅಂಕಿಗಳು ಏರುತ್ತ ಹೋಗಿ, ಎಣಿಕೆ ಮುಗಿದೊಡನೆ ಒಂದು ಸಲ ಕೂಗು ಹಾಕುತ್ತಿತ್ತು. "ಕೈಯಾಗೆ ಎಷ್ಟೈತೆ ಅಂತ ನೋಡ್ಕೊಂಡೇ ಕೆಲಸಕ್ಕೆ ಇಳೀತದೆ ನೋಡು. ಮನುಷ್ಯರಿಗೆ ಈ ಬುದ್ಧಿ ಇಲ್ಲ" ಎಂದು ಅವನು ಪ್ರತಿ ಸಲವೂ ಹೇಳುತ್ತಿದ್ದ.

ಆಸ್ಪತ್ರೆಗೆ ಹೋಗುವ ಮುನ್ನ ಅದನ್ನು ಷರೀಫನ ಕೈಗೆ ಒಪ್ಪಿಸಿದ್ದ. ಒಂದು ಸಂಜೆ ಗಾಳಿಮಳೆಗೆ ಶೆಡ್ಡಿನ ತಗಡು ಎದ್ದು, ಅಟ್ಟಣೆಯ ಮೇಲೆ ನೀರು ಸುರಿಯಿತು. ಆಗ ಷರೀಫ್ ಮಾಡಿದ್ದು ನೂಲು ಬಿಚ್ಚುವವನಿಗೆ ಸಹಜವಾದ ಕೆಲಸ. ರೇಷ್ಮೆಗೂಡು ನೆನೆದರೆ ತಡಮಾಡದೆ ಬಿಸಿಗಾಳಿ ಪೆಟ್ಟಿಗೆಗೆ ಇಡಬೇಕು, ತಡವಾದಷ್ಟೂ ನಷ್ಟ. ಅವನ ಅಪ್ಪನೂ ತಾತನೂ ಬದುಕಿದ್ದು ಅದೇ ನಿಯಮದಲ್ಲಿ. ಲ್ಯಾಪ್‌ಟಾಪನ್ನು ಒರೆಸಿ, ಗೂಡಿನ ತಟ್ಟೆಯಲ್ಲಿಟ್ಟು ಒಳಗೆ ತಳ್ಳಿದ. ಕಾವನ್ನು ಅಂಗೈಯಿಂದಲೇ ಅಳೆಯುವವನು ಅವನು. ಆದರೆ ಹಾರಿಹೋದ ತಗಡನ್ನು ಹಿಡಿದು ಕಟ್ಟಿ ಬರುವಷ್ಟರಲ್ಲಿ ಅಂಗೈಗೆ ಕೆಲಸ ಉಳಿದಿರಲಿಲ್ಲ. ಮುಚ್ಚಳ ಸೊಟ್ಟಗಾಗಿತ್ತು. ಪರದೆ ಸೀದ ಬೆಲ್ಲದ ಪಾಕದಂತೆ ಕರ್ರಗಾಗಿತ್ತು. ಒಳಗಿನ ಯಂತ್ರ ಮಾತ್ರ ಬದುಕಿತ್ತು. ಅಂಥ ಪರದೆಗಾಗಿ ಬೆಂಗಳೂರಿನ ಅಂಗಡಿ ಅಂಗಡಿಗಳಲ್ಲಿ ಕೇಳಿದ. ಕೆಲವರು ನಕ್ಕರು. ಕಣ್ಣು ಕಳೆದುಕೊಂಡವನ ಮುಂದೆ ಮಾತನ್ನಾದರೂ ನೆಟ್ಟಗಿಟ್ಟುಕೋ ಎಂದು ಅವನ ಹೆಂಡತಿ ಬಿಸ್ಮಿಲ್ಲಾ ಬೀ ಈ ಬೆಳಿಗ್ಗೆಯೂ ಹೇಳಿ ಕಳಿಸಿದ್ದಳು.

"ಯಾಕಪ್ಪ ಸುಮ್ಮನಾದೆ? ಹಾಕು" ಎಂದ ಮೋಹನ್‌ಬಾಬು. ಕುರ್ಚಿಯನ್ನು ಮೇಜಿಗೆ ಎಳೆದುಕೊಂಡು, ಪರೀಕ್ಷೆಗೆ ಕುಳಿತವನಂತೆ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡ.

ಷರೀಫ್ ವೈರು ಸಿಕ್ಕಿಸಿ ಗುಂಡಿ ಒತ್ತಿದ. ಒಳಗೆ ಡಿಸ್ಕು ಸುತ್ತತೊಡಗಿತು. ಪರದೆ ಕತ್ತಲೊಳಗಿನ ಕತ್ತಲಾಗಿತ್ತು.

"ಬಂತಾ?"

"ಬರ್ತಾ ಐತೆ" ಎಂದುಬಿಟ್ಟ ಷರೀಫ್. ಬಾಯಿಪಾಠವಾಗಿದ್ದ ಅಂಕಿಗಳನ್ನು ಒಂದರ ಹಿಂದೊಂದು ಓದತೊಡಗಿದ. ಮೋಹನ್‌ಬಾಬು ಮುಂದಕ್ಕೆ ಬಾಗಿದ. ಇನ್ನೂ ಬಾಗಿದ. ಮೂಗು ಪರದೆಗೆ ತಾಗುವಷ್ಟು ಹತ್ತಿರವಾದ. ಅಷ್ಟರಲ್ಲಿ ಯಂತ್ರ ಕೂಗು ಹಾಕಿತು. ಷರೀಫನ ಲೆಕ್ಕ ಇನ್ನೂ ಅರ್ಧ ದಾರಿಯಲ್ಲಿತ್ತು.

ಮೋಹನ್‌ಬಾಬು ಅದನ್ನು ಗಮನಿಸಲಿಲ್ಲ. ನಿಧಾನವಾಗಿ ಹಿಂದಕ್ಕೆ ಒರಗಿದ.

"ಹೋಯ್ತು ಕಣೋ ಷರೀಫ್" ಎಂದ. "ಮೊನ್ನೆ ಕಿಟಕಿ ಬೆಳ್ಳಗೆ ಕಾಣ್ತಿತ್ತು. ಇದೂ ಹೋಯ್ತು."

ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಶೋಭಾರಾಣಿ ಲೋಟಗಳನ್ನು ನೆಲದ ಮೇಲೆಯೇ ಇಟ್ಟಳು. ಷರೀಫನ ಒಂದು ಸುಳ್ಳು, ಗೆಳೆಯನ ಕಣ್ಣನ್ನೇ ಕಿತ್ತುಕೊಳ್ಳುತ್ತಿತ್ತು.

"ಕಣ್ಣಲ್ಲ ಬಾಬಣ್ಣ. ಪರದೆ ಹೋಗೈತೆ" ಎಂದ. "ಅಂಕಿನೂ ಇಲ್ಲ, ಏನೂ ಇಲ್ಲ. ಮಳೇಲಿ ನೆಂದಿತ್ತು, ನಾನೇ ಬಿಸಿಗಾಳಿಗೆ ಇಟ್ಟು ಸುಟ್ಟುಬಿಟ್ಟೆ."

ಮೋಹನ್‌ಬಾಬು ಕೈ ಚಾಚಿ ಮುಚ್ಚಳದ ಅಂಚನ್ನು ಸವರಿದ. ಬೆರಳು ಸೊಟ್ಟಗಿದ್ದ ಮೂಲೆಗೆ ಬಂದು ನಿಂತಿತು. ಬೆರಳನ್ನು ಮೂಗಿನ ಬಳಿ ಒಯ್ದು ಮೂಸಿದ. ಆಮೇಲೆ ಅವನ ಭುಜಗಳು ಅಲುಗಿದವು. ಅವನು ನಗುತ್ತಿದ್ದ.

"ಹುಳದ ವಾಸನೆ ಹೊಡೀತದಲ್ಲಯ್ಯ! ಗೂಡು ಅಂದ್ಕೊಂಡ್ಯಾ ಇದನ್ನ? ಎಷ್ಟು ನೂಲು ಬಂತು ಹೇಳು." ನಗುವಿನ ನಡುವೆಯೇ ಕಣ್ಣೊರೆಸಿಕೊಂಡ. "ಹಾಳಾಗಿ ಹೋಗ್ಲಿ ಬಿಡು. ನನ್ನ ಜೀವ ಹೋಗಿ ಬಂದಂಗಾಯ್ತು. ಪಾಪಿ, ಮೊದ್ಲೇ ಬೊಗಳೋಕೆ ಏನಾಗಿತ್ತು ನಿಂಗೆ?"

ಶೋಭಾರಾಣಿಯೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಷರೀಫನಿಗೆ ತಲೆಯ ಮೇಲಿನ ಬಂಡೆ ಇಳಿದಂತಾಯಿತು. ಮಾತಿಗೆ ಕಾಯದೆ ಎದ್ದು ಕಿಟಕಿಯ ಬಳಿ ಹೋದ. ಒಂದು ಕಡೆಯ ಗಂಟು ಬಿಚ್ಚಿದ. ಹೊದಿಕೆ ಸದ್ದಿಲ್ಲದೆ ಜಾರಿ ಒಂದು ಪಕ್ಕಕ್ಕೆ ಜೋತುಬಿತ್ತು.

ಬಿಸಿಲು ಮೇಜಿನ ಮೇಲೆ, ಸೀದ ಪರದೆಯ ಮೇಲೆ, ಮೋಹನ್‌ಬಾಬುವಿನ ಮುಖದ ಮೇಲೆ ಹರಡಿಕೊಂಡಿತು. ಅವನ ಕೆನ್ನೆಯ ನರೆತ ಕೂದಲೂ ಹೊಳೆಯಿತು. ಮುಖದಲ್ಲಿ ಆ ನಗು ಇನ್ನೂ ಹಾಗೆಯೇ ಇತ್ತು. ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದ.

"ಎಲ್ಲೋದೆ? ಆ ಹೊದಿಕೆ ತೆಗಿ ಮತ್ತೆ" ಎಂದ. "ಬೆಳಕಾದ್ರೂ ನೋಡಣ."

ಷರೀಫ್ ಶೋಭಾರಾಣಿಯ ಕಡೆ ನೋಡಿದ. ಅವಳ ಸೆರಗು ಬಾಯಿಯ ಮೇಲೆಯೇ ನಿಂತಿತ್ತು.

"ಇರಪ್ಪ" ಎಂದ ಷರೀಫ್. "ಗಂಟು ಬಿಗಿಯಾಗೈತೆ."

ಜೋತುಬಿದ್ದಿದ್ದ ತುದಿಯನ್ನು ಎತ್ತಿ, ಅದನ್ನು ಮತ್ತೆ ಮೊಳೆಗೆ ಸುತ್ತತೊಡಗಿದ. ಮೇಜಿನ ಮೇಲೆ ಡಿಸ್ಕು ಗುಂಯ್‌ಗುಡುತ್ತಲೇ ಇತ್ತು.