ಕ್ಷಮಿಸಿದ ಮೇಲೆ ಕಂಪಾಸ್ ಬಾಕ್ಸ್ ಯಾರದು?

ಬೆಳಗಿನ ಪ್ರಾರ್ಥನೆಯಲ್ಲಿ ಇಡೀ ಶಾಲೆಯೆದುರು ಕ್ಲಾಸ್ ಲೀಡರ್ ತನ್ನ ಕಂಪಾಸ್ ಬಾಕ್ಸ್ ಕದ್ದ ಗೆಳತಿಯನ್ನು ಕ್ಷಮಿಸಿದಳು. "ದೇವರ ಮಕ್ಕಳು ಅಂದ್ರೆ ಹೀಗಿರಬೇಕು" ಎಂದು ಸಿಸ್ಟರ್ ಬೆನ್ನು ತಟ್ಟಿದರು. ಕದ್ದವಳು ಗಳಗಳನೆ ಅತ್ತು ಅಪ್ಪಿಕೊಂಡಳು. ಚಪ್ಪಾಳೆಯ ಗದ್ದಲದಲ್ಲಿ ಬಾಕ್ಸ್ ವಾಪಸು ಕೊಡಿಸುವುದು ಯಾರಿಗೂ ಹೊಳೆಯಲಿಲ್ಲ.

ಎರಡನೇ ಪೀರಿಯಡ್ಡಿಗೆ ರೇಖಾಗಣಿತದ ಪರೀಕ್ಷೆ. ಇಬ್ಬರದೂ ಒಂದೇ ಬೆಂಚು.

"ಲೇ, ನನ್ನ ಬಾಕ್ಸ್ ಕೊಡೇ."

"ಕ್ಷಮಿಸಿದೆಯಲ್ಲೇ! ಕ್ಷಮಿಸಿದ್ದನ್ನ ಮತ್ತೆ ಎತ್ತಬಾರದು ಅಂತ ಸಿಸ್ಟರ್ ಹೇಳಲಿಲ್ವಾ?"

"ಅದು ತಪ್ಪಿನ ಮಾತು ಕಣೇ, ಬಾಕ್ಸಿನದಲ್ಲ!"

"ಹಾಗಾದ್ರೆ ನಿನ್ನ ಮನಸ್ಸಲ್ಲಿ ಇನ್ನೂ ಇದೆ ಅನ್ನು." ಕದ್ದವಳ ಕಣ್ಣು ಮತ್ತೆ ತುಂಬಿತು.

ಮನಸ್ಸಲ್ಲಿ ಇದೆಯೋ ಇಲ್ಲವೋ, ಬ್ಯಾಗಿನಲ್ಲಂತೂ ಇರಲಿಲ್ಲ. ಜಗಳ ತೆಗೆದರೆ ಬೆಳಗಿನ ಕ್ಷಮೆ ಸುಳ್ಳಾಗುತ್ತದೆ, ಸುಮ್ಮನಿದ್ದರೆ ಪರೀಕ್ಷೆಯಲ್ಲಿ ಸೊನ್ನೆ. ಲೀಡರ್ ಖಾಲಿ ಹಾಳೆಯನ್ನೇ ನೋಡುತ್ತ ಕೂತಳು.

ಕೊನೆಗೆ ಕದ್ದವಳಿಗೇ ಕರುಣೆ ಬಂತು. ಬಾಕ್ಸ್ ತೆರೆದು ಕೈವಾರ ಚಾಚಿದಳು. "ತಗೋ. ಮುಗಿದ ಮೇಲೆ ಮರೀದೆ ವಾಪಸ್ ಕೊಡು."

"ಥ್ಯಾಂಕ್ಸ್ ಕಣೇ" ಎಂದು ಲೀಡರ್ ಬಾಯಿಂದ ಬಂದೇಬಿಟ್ಟಿತು.

ವೃತ್ತವೇನೋ ದುಂಡಗೇ ಬಂತು. ಆದರೆ ಕೈವಾರವನ್ನು ವಾಪಸು ಕೊಡಬೇಕೋ, ಕೊಡದೆ ಇಟ್ಟುಕೊಂಡರೆ ನಾಳೆ ಪ್ರಾರ್ಥನೆಯಲ್ಲಿ ತನ್ನನ್ನೇ ಕ್ಷಮಿಸಿಬಿಡುತ್ತಾರೋ ಎಂಬುದು ಗಂಟೆ ಹೊಡೆದರೂ ಅವಳಿಗೆ ಬಗೆಹರಿಯಲಿಲ್ಲ.