ವ್ಯಾಯಾಮ ಮಾಡಿಲ್ಲವೆಂದು ರುಜು

ವ್ಯಾಯಾಮ ಮಾಡಿದರೆ ಆರೋಗ್ಯವಂತ ಯುವಜನರ ರಕ್ತನಾಳ ಎಷ್ಟು ಚೆನ್ನಾಗಿ ಹಿಗ್ಗುತ್ತದೆ ಎಂಬುದು ಸಂಶೋಧಕಿಯ ಪ್ರಬಂಧದ ವಿಷಯ. ಉತ್ತರವನ್ನು ಅವಳ ಪ್ರೊಫೆಸರರು ಮೊದಲೇ ಬರೆದಿಟ್ಟಿದ್ದರು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ಅವರ ಹಳೆಯ ಚಾಳಿ.

ಇಪ್ಪತ್ತು ಮಂದಿ ಎಂಟು ವಾರ ನೆಲಮಹಡಿಯಲ್ಲಿ, ಫ್ಯಾನಿನಡಿ, ಫೋನು ನೋಡುತ್ತಾ ಸೈಕಲ್ ತುಳಿದರು. ಇನ್ನಿಪ್ಪತ್ತು ಮಂದಿಗೆ ಸುಮ್ಮನಿರುವುದೇ ಕೆಲಸ. ಅವರು ಬೆಳಿಗ್ಗೆ, ಸಂಜೆ ಐದನೇ ಮಹಡಿಯ ಪ್ರಯೋಗಾಲಯಕ್ಕೆ ಬಂದು "ಯಾವ ವ್ಯಾಯಾಮವನ್ನೂ ಮಾಡಿಲ್ಲ" ಎಂದು ರುಜು ಹಾಕಬೇಕು. ಕಡೆಗೆ ಅವಳು ಎಲ್ಲರ ತೋಳಿಗೂ ಪಟ್ಟಿ ಬಿಗಿದು, ಐದು ನಿಮಿಷದ ಮೇಲೆ ಸಡಿಲಿಸಿ, ನುಗ್ಗಿದ ರಕ್ತಕ್ಕೆ ನಾಳ ಎಷ್ಟು ಹಿಗ್ಗಿತೆಂದು ಸ್ಕ್ಯಾನಿಂಗ್ ಯಂತ್ರದಲ್ಲಿ ಅಳೆದಳು.

ಸೈಕಲ್ ತುಳಿದವರದು ತುಸು ಸುಧಾರಿಸಿತ್ತು. ಸುಮ್ಮನಿದ್ದವರದು ಅದಕ್ಕಿಂತ ಹೆಚ್ಚು!

ಆ ಫಲಿತಾಂಶದ ಕಾಗದ ಹಿಡಿದು ಪ್ರಯೋಗಾಲಯಕ್ಕೆ ಹೊರಟು ಮೂರನೇ ಮಹಡಿ ಹತ್ತುವಷ್ಟರಲ್ಲಿ ಅವಳಿಗೇ ಏದುಸಿರು ಬಂತು. ಅಲ್ಲೇ ಮೆಟ್ಟಿಲ ಮೇಲೆ ಕೂತು ತಲೆ ಚಚ್ಚಿಕೊಂಡಳು. ಲಿಫ್ಟ್ ಕೆಟ್ಟು ವರ್ಷವಾಗಿತ್ತು. ಆ ಸೋಮಾರಿಗಳು ವ್ಯಾಯಾಮ ಮಾಡಿಲ್ಲವೆಂದು ಬರೆಯಲು ದಿನಕ್ಕೆರಡು ಸಲ ನೂರಿಪ್ಪತ್ತು ಮೆಟ್ಟಿಲು ಹತ್ತಿದ್ದರು. ರಿಪೇರಿಯ ಕಡತ ಕಟ್ಟಡ ಸಮಿತಿಯ ಅಧ್ಯಕ್ಷರ ಮೇಜಿನ ಮೇಲೆ ಧೂಳು ತಿನ್ನುತ್ತಿತ್ತು. ಅಧ್ಯಕ್ಷರು ಬೇರಾರೂ ಅಲ್ಲ, ನೆಲಮಹಡಿಯಲ್ಲಿ ಕೋಣೆಯಿರುವ ಇದೇ ಪ್ರೊಫೆಸರರು.

"ಎರಡು ಗುಂಪಿನ ಹೆಸರು ಅದಲುಬದಲು ಮಾಡಮ್ಮ. ಯಾರಿಗೆ ಗೊತ್ತಾಗತ್ತೆ?" ಎಂದರು ಅವರು, ಅವಳು ತಂದ ಕಾಗದ ನೋಡಿ.

"ಸುಳ್ಳಾಗತ್ತಲ್ಲ ಸರ್?"

"ಐದು ವರ್ಷ ಮಣ್ಣು ಹೊತ್ತಿದ್ದೀಯ. ನನ್ನ ಸಹಿ ಇಲ್ದೆ ಡಿಗ್ರಿ ಬರತ್ತಾ? ಯೋಚನೆ ಮಾಡು."

ಅವಳಿಗೆ ಸಿಟ್ಟಿಗಿಂತ ಭಯವೇ ಹೆಚ್ಚಾಯಿತು. ಮನೆಯಲ್ಲಿ ಅಕ್ಕ "ಇನ್ನೂ ಮುಗೀಲಿಲ್ವೇನೇ?" ಎಂದು ಊಟಕ್ಕೊಮ್ಮೆ ಕೇಳುತ್ತಿದ್ದಳು. ಆದರೂ ಸುಳ್ಳು ಬರೆಯಲು ಕೈ ಬರಲಿಲ್ಲ. ನಡೆದದ್ದನ್ನೆಲ್ಲ, ಲಿಫ್ಟು ಮತ್ತು ಕಡತದ ಸಮೇತ, ನಲವತ್ತೊಂದನೇ ಪುಟದಲ್ಲಿ ಬರೆದಳು. ಮೊದಲ ಪುಟದ ಕೃತಜ್ಞತೆಯಲ್ಲಿ ಮಾತ್ರ ಪ್ರೊಫೆಸರರನ್ನು ಹೊಗಳಿ ಅಟ್ಟಕ್ಕೇರಿಸಿದಳು. ಅವರು ಆ ಪುಟವನ್ನು ಎರಡು ಸಲ ಓದಿ, ಮೀಸೆಯಡಿ ನಕ್ಕು, ಕೊನೆಯ ಪುಟಕ್ಕೆ ಸಹಿ ಹಾಕಿದರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಐದನೇ ಮಹಡಿಯಲ್ಲಿ ಗೋಡೆ ಹಿಡಿದು ನಿಂತರು. ಹಿಂದೆಯೇ ಪ್ರೊಫೆಸರರು, ಮುಖವೆಲ್ಲ ಬೀಟ್‌ರೂಟು.

"ಲಿಫ್ಟ್ ಯಾವಾಗಿಂದ ಕೆಟ್ಟಿದೆ ಸ್ವಾಮಿ?"

"ಇವತ್ತು ಬೆಳಿಗ್ಗೆಯಷ್ಟೇ ಸರ್," ಎಂದರು ಪ್ರೊಫೆಸರರು.

ಪರೀಕ್ಷಕರು ನೀರು ಕುಡಿದು, ಚೀಲದಿಂದ ಪ್ರಬಂಧ ತೆಗೆದು, ನಲವತ್ತೊಂದನೇ ಪುಟ ಬಿಡಿಸಿ ಅವರ ಮುಂದಿಟ್ಟರು. "ಹುಡುಗೀನ ಕೇಳೋದೇನಿಲ್ಲ, ಪಾಸು. ಇದನ್ನ ನೀವು ಜೋರಾಗಿ ಓದಿ. ಕೊನೇಲಿ ನಿಮ್ಮ ಸಹಿ ಇದೆಯಲ್ಲ."

ಪ್ರೊಫೆಸರರು ಕನ್ನಡಕ ಹಾಕಿಕೊಂಡರು. ಮೂವತ್ತು ವರ್ಷದಲ್ಲಿ ಅವರು ವಿದ್ಯಾರ್ಥಿಯೊಬ್ಬರ ಪ್ರಬಂಧ ಓದಿದ್ದು ಅದೇ ಮೊದಲು.