ಕಪ್ಪು-ಬಿಳುಪಿನ ಕರಾರು

ಅಣ್ಣನ ಸ್ಟುಡಿಯೋದಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಬಿಳಿ ಪರದೆ, ಒಂದು ಸ್ಟೂಲು, ಎರಡು ಛತ್ರಿ ದೀಪ, ದಾರ ಕಟ್ಟಿದ ಬಾಚಣಿಗೆ ನೇತಾಡುವ ಒಂದು ಕನ್ನಡಿ. ಪಾಸ್‌ಪೋರ್ಟ್ ಫೋಟೋ ಬೇಕಾದವರು ಅಲ್ಲಿ ಕೂತು, ಯಾರೂ ಹೇಳದೆಯೇ ಉಸಿರು ಬಿಗಿಹಿಡಿಯುತ್ತಾರೆ. ಹಿಂದಿನ ಕೋಣೆ ಕಂಪ್ಯೂಟರಿನದು, ಅಂದರೆ ತಂಗಿಯದು. ಅಣ್ಣ ಅಲ್ಲಿಗೆ ಕಾಲಿಡುವುದು ಅವಳಿಗೆ ಚಹಾ ತಂದಿಡಲು ಮಾತ್ರ. ಕಂಪ್ಯೂಟರ್ ಕಂಡರೆ ಅವನಿಗೆ ಅಷ್ಟಕ್ಕಷ್ಟೆ.

ತಂಗಿ ವಾರದ ಆರು ದಿನ ಒಂದು ಮುದ್ರಣಾಲಯದಲ್ಲಿ ಬಣ್ಣ ನೋಡುತ್ತಾಳೆ. ಯಂತ್ರದಿಂದ ಹೊರಬಂದ ಹಾಳೆಯನ್ನು ದೀಪದ ಕೆಳಗೆ ಹಿಡಿದು "ಹಳದಿ ಎರಡು ಪರ್ಸೆಂಟ್ ಇಳಿಸಿ" ಎನ್ನುವುದೇ ಹದಿನೇಳು ವರ್ಷದಿಂದ ಅವಳ ಉದ್ಯೋಗ. ಕಣ್ಣಿಗೆ ಅದು ಎಷ್ಟು ಅಂಟಿಕೊಂಡಿದೆಯೆಂದರೆ, ಮದುವೆ ಮನೆಯಲ್ಲೂ ಅವಳು ವಧುವಿನ ಸೀರೆಯ ಕೆಂಪು ಸ್ವಲ್ಪ ಜಾಸ್ತಿಯಾಯಿತು ಎಂದುಕೊಳ್ಳುತ್ತಾಳೆ. ಏಳನೆಯ ದಿನ ಅಣ್ಣನ ಗಿರಾಕಿಗಳ ಫೋಟೋ ತಿದ್ದಿಕೊಡಲು ಈ ಹಿಂದಿನ ಕೋಣೆಗೆ ಬರುತ್ತಾಳೆ.

ಆ ಭಾನುವಾರ ಅಣ್ಣ ಚಹಾದ ಜೊತೆಗೆ ಒಂದು ಚಿಕ್ಕ ಡಬ್ಬಿಯನ್ನೂ ಮೇಜಿನ ಮೇಲಿಟ್ಟ. ಒಳಗೆ ಮನೆಯ ಕ್ಯಾಮೆರಾದ ನಾಲ್ಕು ಮೆಮೊರಿ ಕಾರ್ಡುಗಳಿದ್ದವು.

"ನಿನ್ನ ಅತ್ತಿಗೆ ಫೋಟೋಗಳು. ಚೆನ್ನಾಗಿರೋ ಹನ್ನೆರಡು ಆರಿಸು. ಒಂದು ಪುಸ್ತಕ ಮಾಡಿಸೋಣ ಅಂತ."

ಅತ್ತಿಗೆ ತೀರಿಹೋಗಿ ಎಂಟು ತಿಂಗಳಾಗಿತ್ತು. ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಅವಳು ಮಲಗಿದ್ದ ಆ ಐದು ತಿಂಗಳಲ್ಲಿ ನಾನು ಮಾಡಿದ್ದು ಒಂದೂ ನಡೀಲಿಲ್ಲ ಕಣೇ. ಡಾಕ್ಟರ್ ಬದಲಾಯಿಸಿದೆ, ಔಷಧಿ ಬದಲಾಯಿಸಿದೆ. ಇದೊಂದನ್ನ ಮಾತ್ರ ಅವಳು ಹೇಳಿದ ಹಾಗೇ ಮಾಡಿದೀನಿ. ಅಷ್ಟೇ ಸಮಾಧಾನ."

ಅತ್ತಿಗೆ ಹೇಳಿದ್ದೇನು ಎಂದು ತಂಗಿಗೆ ಗೊತ್ತಿತ್ತು. ಅದನ್ನು ಹೇಳುವಾಗ ಅವಳೂ ಅಲ್ಲೇ ಇದ್ದಳು. ಪಿತ್ತಕೋಶ ಕೆಟ್ಟು ಅತ್ತಿಗೆಯ ಕಣ್ಣಿಗೆ ಹಳದಿ ಇಳಿದಿದ್ದ ದಿನಗಳು ಅವು. ಅಣ್ಣ ಕ್ಯಾಮೆರಾ ತಂದಾಗ ಅತ್ತಿಗೆ ದಿಂಬಿಗೆ ಒರಗಿಕೊಂಡೇ ಕರಾರು ಹಾಕಿದ್ದಳು: "ರೀ, ನನ್ನ ಮುಖ ಬಣ್ಣದಲ್ಲಿ ಬರಕೂಡದು. ಕಪ್ಪು-ಬಿಳುಪಲ್ಲಾದ್ರೆ ಎಷ್ಟು ಬೇಕಾದ್ರೂ ತೆಗೀರಿ. ಕಣ್ಣಾರೆ ನೋಡಿದವರು ಮರೀತಾರೆ, ಫೋಟೋ ಮರೆಯಲ್ಲ. ಅದೂ ಅಲ್ದೆ, ಇಲ್ಲಿದಾಳಲ್ಲ ನನ್ನ ನಾದಿನಿ, ಹಳದಿ ಎಷ್ಟು ಪರ್ಸೆಂಟ್ ಅಂತ ಲೆಕ್ಕ ಹಾಕ್ತಾಳೆ." ಮೂವರೂ ನಕ್ಕಿದ್ದರು. ಅಣ್ಣ ಮಾತು ಕೊಟ್ಟು, ಅತ್ತಿಗೆಯ ಎದುರಿಗೇ ಕ್ಯಾಮೆರಾವನ್ನು ಕಪ್ಪು-ಬಿಳುಪಿಗೆ ತಿರುಗಿಸಿದ್ದ. ಪರದೆಯ ಮೇಲೆ ಅವಳ ಬೂದು ಮುಖ ತೋರಿಸಿ ಒಪ್ಪಿಗೆಯನ್ನೂ ಪಡೆದಿದ್ದ.

ತಂಗಿ ಮೊದಲ ಕಾರ್ಡನ್ನು ಹಾಕಿದಳು. ಮೊದಲ ಚಿತ್ರ ತೆರೆಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು ಅತ್ತಿಗೆ ಕಪ್ಪು-ಬಿಳುಪಿನಲ್ಲಿದ್ದಳು. ಆಮೇಲೆ ಹೊದಿಕೆಗೆ ನೀಲಿ ಬಂತು, ಗೋಡೆಗೆ ಕೆನೆಬಣ್ಣ ಬಂತು, ಅತ್ತಿಗೆಯ ಮುಖಕ್ಕೆ ಹಳದಿ ಬಂತು.

ಇದು ಯಾರ ಕೆಲಸವೆಂದು ತಂಗಿಗೆ ಆ ಕ್ಷಣವೇ ಹೊಳೆಯಿತು.

ಕ್ಯಾಮೆರಾ ಚಿತ್ರವನ್ನು ಎರಡು ಬಗೆಯಲ್ಲಿ ಇಟ್ಟುಕೊಳ್ಳಬಲ್ಲದು. ಜೆಪೆಗ್ ಎಂದರೆ ಕ್ಯಾಮೆರಾವೇ ಬೇಕಾದ್ದು ಇಟ್ಟುಕೊಂಡು, ಬೇಡದ್ದು ಬಿಸಾಡಿ, ಒತ್ತಿ ಚಿಕ್ಕದು ಮಾಡಿ ಕೈಗೆ ಕೊಡುವ ಚಿತ್ರ. ರಾ ಎಂದರೆ ಬಿದ್ದ ಬೆಳಕನ್ನೆಲ್ಲ ಇದ್ದ ಹಾಗೇ ತುಂಬಿಕೊಂಡ ದೊಡ್ಡ ಫೈಲು. ಇದರ ಬಗ್ಗೆ ಅಣ್ಣ ತಂಗಿಗೆ ವರ್ಷಗಟ್ಟಲೆ ಜಟಾಪಟಿ ನಡೆದಿದೆ. "ಅಡುಗೆ ಆಗಿ ತಟ್ಟೆಗೆ ಬರ್ತಿರುವಾಗ ಹಸಿ ತರಕಾರಿ ಯಾಕೆ ಹೊತ್ಕೊಂಡು ಬರ್ಲಿ?" ಎನ್ನುವುದು ಅಣ್ಣನ ವಾದ. "ಅಡುಗೆ ಕೆಟ್ರೆ ಆಗ ತರಕಾರಿ ಎಲ್ಲಿಂದ ತರ್ತೀಯ?" ಎನ್ನುವುದು ಅವಳದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದು ಮನೆಯಲ್ಲಿ ಒಬ್ಬರಿದ್ದರೆ ಸಾಕು, ಅಲ್ಲಿ ಇಬ್ಬರಿದ್ದರು.

ಎರಡು ವರ್ಷದ ಹಿಂದೆ ಅಣ್ಣ ಕಿಟಕಿಯ ಎದುರು ತೆಗೆದ ಮನೆಮಂದಿಯ ಫೋಟೋದಲ್ಲಿ ಅರ್ಧ ಜನರ ಮುಖ ಬೆಳ್ಳಗೆ ಸುಟ್ಟುಹೋಗಿತ್ತು. ತಂಗಿ ಮಾತಿಲ್ಲದೆ ಮನೆಯ ಕ್ಯಾಮೆರಾವನ್ನು ರಾ ಕ್ರಮಕ್ಕೆ ತಿರುಗಿಸಿಟ್ಟಳು. ಅವನಿಗೆ ಹೇಳಲಿಲ್ಲ, ಹೇಳಿದರೆ ವಾಪಸು ತಿರುಗಿಸುತ್ತಿದ್ದ. ಉಪಕಾರ ಮಾಡುವವರಿಗೆ ಕೇಳಿ ಮಾಡುವ ಅಭ್ಯಾಸ ಕಡಿಮೆ. ಆಮೇಲೆ ಅವಳೂ ಅದನ್ನು ಮರೆತಳು. ಕಾರ್ಡುಗಳು ಬೇಗ ತುಂಬುವುದನ್ನು ಕಂಡು ಅಣ್ಣ "ಈಗಿನ ಕಾರ್ಡುಗಳಲ್ಲಿ ಸತ್ವವೇ ಇಲ್ಲ" ಎಂದು ಗೊಣಗಿ ಹೊಸವು ಕೊಂಡ. ಕಪ್ಪು-ಬಿಳುಪು ಎನ್ನುವುದು ಕ್ಯಾಮೆರಾದ ಪರದೆಯ ಮಟ್ಟಿಗಷ್ಟೇ ಇತ್ತು. ರಾ ಫೈಲಿನ ಒಳಗೆ ಬಣ್ಣ ಹಾಗೇ ಕೂತಿತ್ತು, ಈಗ ಕಂಪ್ಯೂಟರ್ ಅದನ್ನು ಹೊರತೆಗೆದಿತ್ತು.

ಒಟ್ಟು ಇನ್ನೂರ ಹದಿನಾಲ್ಕು ಚಿತ್ರ. ತಂಗಿ ಒಂದೊಂದೇ ನೋಡಿದಳು. ಆ ಐದು ತಿಂಗಳಲ್ಲಿ ಪ್ರತಿ ಭಾನುವಾರ ಅವಳು ಅತ್ತಿಗೆಯನ್ನು ನೋಡಲು ಹೋಗಿದ್ದಳು. ವಾರದಿಂದ ವಾರಕ್ಕೆ ಏನೂ ಬದಲಾದಂತೆ ಕಂಡಿರಲಿಲ್ಲ. ಈಗ ಎಲ್ಲ ಸಾಲಾಗಿ ನಿಂತಾಗ ಹಳದಿ ಹೆಜ್ಜೆ ಹೆಜ್ಜೆಯಾಗಿ ಏರುತ್ತಿತ್ತು. ಬೇಡ ಬೇಡವೆಂದರೂ ಅವಳ ಕಣ್ಣು ಲೆಕ್ಕ ಹಾಕಿತು. ಅತ್ತಿಗೆ ಹೇಳಿದ್ದು ತಮಾಷೆಯಾಗಿರಲಿಲ್ಲ ಎಂದು ಆಗ ಅವಳಿಗೆ ಅನ್ನಿಸಿತು.

"ಸಿಕ್ಕಿದ್ವೇನೇ?" ಎಂದು ಮುಂದಿನ ಕೋಣೆಯಿಂದ ಅಣ್ಣ ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ತಂಗಿ ಕುರ್ಚಿ ಸರಿಸಿ ಪರದೆಗೆ ಅಡ್ಡ ಕೂತಳು. "ನೋಡ್ತಿದೀನಿ, ಬರಬೇಡ" ಎಂದಳು.

ಮೂಲ ಚಿತ್ರವನ್ನು ಎಸೆಯಬಾರದು ಎನ್ನುವುದು ಅವಳ ಕಸುಬಿನ ಮೊದಲ ಪಾಠ. ಹೊಸದಾಗಿ ಸೇರಿದವರಿಗೆಲ್ಲ ಅವಳೇ ಅದನ್ನು ಗಿಣಿಗೆ ಹೇಳಿದಂತೆ ಹೇಳಿದ್ದಾಳೆ. ಗುಟ್ಟಾಗಿ ತನ್ನ ಮನೆಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬಹುದಿತ್ತು. ಆದರೆ ಅತ್ತಿಗೆ ಹೆದರಿದ್ದು ಇವಳ ಕಣ್ಣಿಗೇ ಅಲ್ಲವೇ? ಅಣ್ಣನಿಗೆ ಹೇಳಿಬಿಡೋಣವೆಂದರೆ, ಅವನ ಹತ್ತಿರ ಉಳಿದಿದ್ದ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡ ಹಾಗೆ. ಅವಳು ಚಹಾ ಆರುವವರೆಗೆ ಯೋಚಿಸಿದಳು. ಆಮೇಲೆ ಒಂದೊಂದು ಚಿತ್ರವನ್ನೂ ಕ್ಯಾಮೆರಾದ ಪರದೆಯಲ್ಲಿ ಕಂಡಿದ್ದ ಹಾಗೇ ಕಪ್ಪು-ಬಿಳುಪು ಮಾಡಿ, ಜೆಪೆಗ್ಗಾಗಿ ಉಳಿಸಿ, ಬಣ್ಣದ ಮೂಲವನ್ನು ಅಳಿಸತೊಡಗಿದಳು. ಒಮ್ಮೆ ಅಳಿಸಿದರೆ ಆ ಬಣ್ಣವನ್ನು ಯಾವ ಜಾಣನೂ ವಾಪಸು ತರಲಾರ.

ಮೂರನೇ ಕಾರ್ಡಿನಲ್ಲಿ ಅವಳಿಗೆ ಅಳು ಬಂತು. ಅತ್ತು, ಮುಖ ಒರೆಸಿಕೊಂಡು, ಮತ್ತೆ ಮೌಸು ಹಿಡಿದಳು.

ನಾಲ್ಕನೇ ಕಾರ್ಡಿನ ಕೊನೆಯ ಚಿತ್ರದಲ್ಲಿ ಅತ್ತಿಗೆ ಇರಲಿಲ್ಲ, ಅಣ್ಣ ಇದ್ದ. ಕಿಟಕಿಯ ಬಳಿ ಕೂತು ಅತ್ತಿಗೆಯ ಹಸಿರು ಸ್ವೆಟರಿಗೆ ಗುಂಡಿ ಹೊಲಿಯುತ್ತಿದ್ದ. ನಾಲಿಗೆಯ ತುದಿ ಹೊರಗಿತ್ತು. ಚಿತ್ರ ಒಂದು ಕಡೆಗೆ ವಾಲಿತ್ತು, ಸ್ವಲ್ಪ ಅಲುಗಿತ್ತು. ಕೆಳಗಿನ ಬಲ ಮೂಲೆಯಲ್ಲಿ ಒಂದು ಬೂದು ಕಲೆಯಿತ್ತು. ಬಣ್ಣ ಬಂದ ಮೇಲೆ ಅದು ಕಲೆಯಾಗಿ ಉಳಿಯಲಿಲ್ಲ. ಲೆನ್ಸಿಗೆ ಅಡ್ಡ ಬಂದ ಬೆರಳು ಅದು, ಕಿಟಕಿಯ ಬೆಳಕು ಬಿದ್ದು ಮಂಜುಮಂಜಾಗಿ ಹಳದಿಯಾಗಿತ್ತು.

ತಂಗಿಯ ಕೈ ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಇದೊಂದರ ಬಣ್ಣವನ್ನೂ ಅಳಿಸಿದರೆ ಕತೆ ಮುಗಿಯಿತು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಬಣ್ಣ ಉಳಿಸಿದರೆ ಎಲ್ಲವನ್ನೂ ಬಾಯಿಬಿಡಬೇಕು. ಅವಳಿಗೆ ಅಳಿಸಲು ಆಗಲಿಲ್ಲ. ಇದು ಅತ್ತಿಗೆಯ ಚಿತ್ರವಲ್ಲ, ಅತ್ತಿಗೆ ಕಂಡ ಚಿತ್ರ.

"ಅಣ್ಣ, ಇಲ್ಲಿ ಬಾ."

ಅಣ್ಣ ಬಂದು ಕನ್ನಡಕ ಹಾಕಿಕೊಂಡು ಬಗ್ಗಿದ. ಮೊದಲು ಅವನಿಗೆ ನಗು ಬಂತು.

"ಅವಳೇ ತೆಗೆದಿದ್ದು. ಬೆರಳು ಅಡ್ಡ ಬರ್ತಿದೆ ನೋಡು ಅಂದೆ. ‘ನೀವು ಇಡೀ ಮನುಷ್ಯ ದಿನವೆಲ್ಲ ಅಡ್ಡ ಬರ್ತೀರಿ, ನಾನೇನಾದ್ರೂ ಅಂದಿದ್ದೀನಾ?’ ಅಂದ್ಲು." ಆಮೇಲೆ ನಗು ನಿಂತಿತು. "ಇದಕ್ಕೆ ಬಣ್ಣ ಹೇಗೆ ಬಂತು?"

ತಂಗಿ ಹೇಳಿದಳು. ಎರಡು ವರ್ಷದ ಹಿಂದೆ ಕ್ಯಾಮೆರಾ ಮುಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು.

"ಅಂದ್ರೆ ಮಿಕ್ಕವೂ ಹೀಗೇ ಇದ್ವು."

"ಇದ್ವು. ಈಗ ಎಲ್ಲ ಕಪ್ಪು-ಬಿಳುಪು. ಬಣ್ಣದವನ್ನ ಅಳಿಸಿಬಿಟ್ಟೆ. ತಪ್ಪು ನಂದೇ ಅಣ್ಣ, ನಿನ್ನ ಮಾತು ಕೆಡಿಸಿದೆ."

ಮುಂದೆ ಬಾಗಿಲ ಗಂಟೆ ಸದ್ದಾಯಿತು, ಯಾರೋ ಫೋಟೋ ತೆಗೆಸಿಕೊಳ್ಳಲು ಬಂದಿದ್ದರು. ಅಣ್ಣ ಅತ್ತ ಹೋದ. "ಗಲ್ಲ ಸ್ವಲ್ಪ ಕೆಳಗೆ. ಹಾಂ, ಹಾಗೇ ಇರಿ" ಎನ್ನುವ ಮಾತು ಎಂದಿನ ದನಿಯಲ್ಲೇ ಕೇಳಿಸಿತು. ತಂಗಿ ಇನ್ನು ಮುಂದೆ ಈ ಕೋಣೆಗೆ ತನ್ನನ್ನು ಅವನು ಬರಗೊಡುವನೋ ಇಲ್ಲವೋ ಎಂದು ಯೋಚಿಸುತ್ತ ಕೂತಿದ್ದಳು.

ಹತ್ತು ನಿಮಿಷದ ಮೇಲೆ ಅಣ್ಣ ಬಂದು ಪಕ್ಕದ ಸ್ಟೂಲಿನ ಮೇಲೆ ಕೂತ.

"ಅವಳು ಈ ಹಸಿರು ಸ್ವೆಟರ್ ಹಾಕ್ಕೊಂಡಿದ್ದ ದಿನದ್ದೂ ಹೋಯ್ತಾ?"

"ಹೋಯ್ತು."

ಅವನು ತಲೆಯಾಡಿಸಿದ. ಮತ್ತೆ ತಲೆಯಾಡಿಸಿದ.

"ನನ್ನನ್ನ ಕೇಳಿದ್ರೆ ಇರಲಿ ಅಂತಿದ್ದೆ ಕಣೇ. ಮಾತು ತಪ್ತಿದ್ದೆ. ಕೇಳದೇ ಇದ್ದದ್ದೇ ಒಳ್ಳೇದಾಯ್ತು."

ಅದು ಕ್ಷಮೆಯೋ ಅಲ್ಲವೋ ತಂಗಿಗೆ ತಿಳಿಯಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಅವಳು ಚಿತ್ರದ ವಾಲು ಸರಿಪಡಿಸಿ, ಬೆರಳಿದ್ದ ಮೂಲೆಯನ್ನು ಕತ್ತರಿಸಲು ಗೆರೆ ಎಳೆದಳು. ಮೂವತ್ತು ವರ್ಷದಿಂದ ಗಿರಾಕಿಗಳು ತಂದುಕೊಟ್ಟ ಫೋಟೋಗಳಲ್ಲಿ ಅಡ್ಡ ಬಂದ ಬೆರಳುಗಳನ್ನೆಲ್ಲ ಕತ್ತರಿಸಿ ಹಾಕಿಸುತ್ತಲೇ ಬಂದಿದ್ದ ಅಣ್ಣ, ಅವಳ ಮಣಿಕಟ್ಟು ಹಿಡಿದ.

"ಮೂಲೆ ಮುಟ್ಟಬೇಡ."

"ಬಣ್ಣದಲ್ಲೇ ಇರ್ಲಾ? ಮತ್ತೆ ಅತ್ತಿಗೆಗೆ ಕೊಟ್ಟ ಮಾತು?"

"ಅವಳು ಹೇಳಿದ್ದು ಮುಖ" ಎಂದ ಅಣ್ಣ. "ಬೆರಳಿನ ಮಾತು ಬಂದೇ ಇರ್ಲಿಲ್ಲ."

ಅವನು ತಾನೇ ಎದ್ದು ಪ್ರಿಂಟರಿಗೆ ದೊಡ್ಡ ಹಾಳೆ ಇಟ್ಟ. ತಂಗಿ ಹಳದಿಯನ್ನು ಇದ್ದ ಹಾಗೇ ಬಿಟ್ಟು ಪ್ರಿಂಟ್ ಒತ್ತಿದಳು.